ಮಕ್ಕಳ ಕೈಗಳನ್ನು ಗಮನಿಸಿದ ವೈದ್ಯೆ: ಮರಿಯಾ ಮಾಂಟೆಸ್ಸರಿ



ನಮ್ಮ ಕನಕಪುರದ ಸುತ್ತಮುತ್ತ ರೇಷ್ಮೆ ಬೆಳೆಯುವ ಮನೆಗಳು ಬಹಳ. ಚಂದ್ರಿಕೆಯಿಂದ ಗೂಡು ಬಿಡಿಸುವ ಅಜ್ಜಿಯ ಬೆರಳುಗಳನ್ನು ನೀವು ನೋಡಿರಬಹುದು. ಒಂದು ಗೂಡೂ ಜಜ್ಜುವುದಿಲ್ಲ. ಅದೇ ಗೂಡನ್ನು 2 ವರ್ಷದ ಮಗುವಿನ ಕೈಗೆ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ಅಮುಕಿಬಿಡುತ್ತದೆ. ಅಜ್ಜಿಯ ಬೆರಳಿಗಿರುವ ಹತೋಟಿ ಮಗುವಿಗೆ ಏಕಿಲ್ಲ? ಅದು ಬರುವುದು ಹೇಗೆ? ಈ ಪ್ರಶ್ನೆಯ ಹಿಂದೆ ಬಿದ್ದು ಇಡೀ ಬದುಕನ್ನು ಕಳೆದ ಒಬ್ಬ ವೈದ್ಯೆಯ ಕಥೆಯನ್ನು ಇಂದು ತಿಳಿಯೋಣ.

ಹಟ ಬಿಡದ ಹುಡುಗಿ

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿ ದೇಶದ ಕಿಯಾರಾವಳ್ಳೆ ಎಂಬ ಊರಿನಲ್ಲಿ. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳು ಹೆಚ್ಚು ಓದುತ್ತಿರಲಿಲ್ಲ. ಮರಿಯಾ ಮಾತ್ರ ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆಗೆ ಸೇರಿದರು. ಮುಂದೆ ವೈದ್ಯೆಯಾಗಬೇಕೆಂದು ಹಟ ಹಿಡಿದರು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಬೆಂಬಲಕ್ಕೆ ನಿಂತರು. ವೈದ್ಯಕೀಯ ಕಾಲೇಜಿನಲ್ಲಿ ಗಂಡಸರ ಜೊತೆ ನಿಂತು ಶವಪರೀಕ್ಷೆ ಕಲಿಯಲು ಅವರಿಗೆ ಅವಕಾಶವಿರಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬರೇ ಕಲಿಯಬೇಕಾಗಿತ್ತು. ಆದರೂ ಅವರು ಹಿಂಜರಿಯಲಿಲ್ಲ. 1896ರಲ್ಲಿ ಪದವಿ ಪಡೆದು, ಇಟಲಿಯ ಮೊದಲ ಕೆಲವು ವೈದ್ಯೆಯರಲ್ಲಿ ಒಬ್ಬರಾದರು.

ದಡ್ಡರೆಂದು ದೂಡಿದ ಮಕ್ಕಳು

ರೋಮ್ ನಗರದಲ್ಲಿ ಅವರಿಗೆ ಸಿಕ್ಕ ಕೆಲಸ ಮಾನಸಿಕ ಚಿಕಿತ್ಸಾಲಯದಲ್ಲಿ. ಬುದ್ಧಿ ಬೆಳೆದಿಲ್ಲವೆಂದು ದೂಡಲ್ಪಟ್ಟ ಮಕ್ಕಳನ್ನು ಆಗ ಹುಚ್ಚಾಸ್ಪತ್ರೆಗಳಲ್ಲಿ ಇಡುತ್ತಿದ್ದರು. ಆ ಕೋಣೆಗಳಲ್ಲಿ ಮುಟ್ಟಲು, ಹಿಡಿಯಲು, ಆಡಲು ಒಂದು ವಸ್ತುವೂ ಇರಲಿಲ್ಲ. ಮಾಂಟೆಸ್ಸರಿ ಅವರಿಗೆ ಒಂದು ವಿಚಾರ ಹೊಳೆಯಿತು. ಈ ಮಕ್ಕಳಿಗೆ ಬೇಕಾದದ್ದು ಔಷಧಿಯೊಂದೇ ಅಲ್ಲ, ಕೈಗೆ ಕೆಲಸ! ಇಟಾರ್ಡ್ ಮತ್ತು ಸೆಗ್ವಿನ್ ಎಂಬ ಫ್ರಾನ್ಸಿನ ಇಬ್ಬರು ವೈದ್ಯರು ಇದೇ ದಾರಿಯಲ್ಲಿ ಮೊದಲೇ ಕೆಲಸ ಮಾಡಿದ್ದರು. ಅವರ ಪುಸ್ತಕಗಳನ್ನು ಮಾಂಟೆಸ್ಸರಿ ಶ್ರದ್ಧೆಯಿಂದ ಓದಿದರು. ಮಕ್ಕಳಿಗೆ ಮಣಿ, ಮರದ ತುಂಡು, ದಾರ, ಗುಂಡಿ ಮುಂತಾದ ವಸ್ತುಗಳನ್ನು ಕೊಟ್ಟು ಕಲಿಸತೊಡಗಿದರು. ಏನೂ ಕಲಿಯಲಾರರು ಎನಿಸಿಕೊಂಡಿದ್ದ ಮಕ್ಕಳಲ್ಲಿ ಕೆಲವರು ಓದು ಬರಹವನ್ನೂ ಕಲಿತರು.

ಮಕ್ಕಳ ಮನೆ

1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರು ಒಂದು ಶಿಶುಶಾಲೆ ತೆರೆದರು. ಅದರ ಹೆಸರು ಮಕ್ಕಳ ಮನೆ. ತಂದೆತಾಯಿ ದುಡಿಯಲು ಹೋದಾಗ ಮಕ್ಕಳು ಕಟ್ಟಡದ ಗೋಡೆಗಳನ್ನು ಹಾಳು ಮಾಡುತ್ತಿದ್ದರು. ಅದನ್ನು ತಪ್ಪಿಸಲು ಮಾಲೀಕರೇ ಜಾಗ ಕೊಟ್ಟಿದ್ದರು!

ಅಲ್ಲಿ ಮಕ್ಕಳು ಏನು ಮಾಡುತ್ತಿದ್ದರು ಗೊತ್ತೇ? ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು. ಮರದ ಹಲಗೆಯಲ್ಲಿ ಬೇರೆ ಬೇರೆ ಅಳತೆಯ 10 ಕುಳಿಗಳು, ಅವುಗಳಲ್ಲಿ ಕೂರುವ 10 ಮರದ ಉರುಳೆಗಳು. ಪ್ರತಿ ಉರುಳೆಯ ತಲೆಯ ಮೇಲೆ ಪುಟ್ಟ ಗುಬಟು. ಅದನ್ನು ಹಿಡಿಯಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಬೇಕು. ನೀವು ಪೆನ್ಸಿಲ್ ಹಿಡಿಯುವುದೂ ಇದೇ ಮೂರು ಬೆರಳುಗಳಿಂದಲ್ಲವೇ? ತಪ್ಪು ಕುಳಿಗೆ ಹಾಕಿದರೆ ಕೊನೆಗೆ ಒಂದು ಉರುಳೆ ಎಲ್ಲಿಯೂ ಕೂರುವುದಿಲ್ಲ. ಯಾರೂ ಬೈಯಬೇಕಿಲ್ಲ, ಮಗು ತಾನೇ ತಿದ್ದಿಕೊಳ್ಳುತ್ತದೆ. ಮರಳು ಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುತ್ತಿದ್ದರು.

ಡಿಸೆಂಬರ್ ತಿಂಗಳ ಒಂದು ದಿನ ಮಾಂಟೆಸ್ಸರಿ ಮಕ್ಕಳೊಂದಿಗೆ ತಾರಸಿಯ ಮೇಲಿದ್ದರು. 5 ವರ್ಷದ ಹುಡುಗನಿಗೆ ಸೀಮೆಸುಣ್ಣ ಕೊಟ್ಟು, ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಅವನು ಚಿತ್ರ ಬರೆದ. ನಂತರ ತನಗೆ ಬರೆಯಲು ಬರುತ್ತದೆಂದು ಕೂಗಿ, ನೆಲದ ಮೇಲೆ ಒಂದು ಪದ ಬರೆದೇಬಿಟ್ಟ. ಆ ಪದ ಯಾವುದು ಗೊತ್ತೇ? ಕೈ! ಅವನ ಕೈ ಆಟದಲ್ಲೇ ಬರವಣಿಗೆಗೆ ಸಿದ್ಧವಾಗಿತ್ತು.

ಇದರ ಹಿಂದಿನ ವಿಜ್ಞಾನ

ನಿಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಗಳಾಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯದು ಗಟ್ಟಿಯಾಗತೊಡಗುವುದು ಸುಮಾರು 9ರಿಂದ 12ನೇ ವಯಸ್ಸಿನಲ್ಲಿ. ಸ್ನಾಯುಗಳಿಗೆ ಆಜ್ಞೆ ಕೊಡುವ ಮಿದುಳಿನ ಭಾಗದಲ್ಲಿ ಕೈ ಮತ್ತು ಬೆರಳುಗಳಿಗೆ ಮೀಸಲಾದ ಜಾಗ ಬಹಳ ದೊಡ್ಡದು. ಇಡೀ ಮುಂಡಕ್ಕೂ ಅಷ್ಟು ಜಾಗವಿಲ್ಲ! ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದಾಗ ಮಿದುಳಿನ ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ. ಓಡುವುದು, ಜಿಗಿಯುವುದು ದೊಡ್ಡ ಸ್ನಾಯುಗಳ ಕೆಲಸ. ಪೋಣಿಸುವುದು, ಬರೆಯುವುದು ಸಣ್ಣ ಸ್ನಾಯುಗಳ ಕೆಲಸ. ಎರಡಕ್ಕೂ ಆಟವೇ ಅಭ್ಯಾಸ.

ಭಾರತದಲ್ಲಿ

1934ರಲ್ಲಿ ಮುಸೊಲಿನಿಯ ಸರ್ಕಾರ ಇಟಲಿಯಲ್ಲಿದ್ದ ಮಾಂಟೆಸ್ಸರಿ ಶಾಲೆಗಳನ್ನು ಮುಚ್ಚಿಸಿತು. ಅವರು ದೇಶ ಬಿಡಬೇಕಾಯಿತು. 1939ರಲ್ಲಿ ಮಗ ಮಾರಿಯೊ ಜೊತೆ ಮದರಾಸಿನ ಅಡ್ಯಾರ್‌ಗೆ ಬಂದು ಶಿಕ್ಷಕರಿಗೆ ತರಬೇತಿ ಆರಂಭಿಸಿದರು. ಅಷ್ಟರಲ್ಲಿ ಯುದ್ಧ ಬಂತು. 1940ರಲ್ಲಿ ಇಟಲಿ ಶತ್ರು ದೇಶವಾದ್ದರಿಂದ ಬ್ರಿಟಿಷರು ಮಗನನ್ನು ಬಂಧಿಸಿದರು. ತಾಯಿ ಅಡ್ಯಾರ್ ಬಿಟ್ಟು ಹೋಗುವಂತಿರಲಿಲ್ಲ. ಅವರ 70ನೇ ಹುಟ್ಟುಹಬ್ಬಕ್ಕೆ ಮಗನ ಬಿಡುಗಡೆಯಾಯಿತು. ಮುಂದೆ ಕೊಡೈಕೆನಾಲ್‌ನಲ್ಲಿಯೂ ಕೆಲಸ ಸಾಗಿತು. ಭಾರತದಲ್ಲಿ ಅವರಿಂದ ತರಬೇತಿ ಪಡೆದವರು 1000ಕ್ಕೂ ಹೆಚ್ಚು. 1952ರ ಮೇ 6ರಂದು ಅವರು ನೆದರ್‌ಲ್ಯಾಂಡ್ಸ್‌ನಲ್ಲಿ ತೀರಿಕೊಂಡರು.

ನಮ್ಮ ಮಗ್ಗುಲಲ್ಲೇ

ಮಾಂಟೆಸ್ಸರಿ ವಸ್ತುಗಳ ಬೆಲೆ ಹೆಚ್ಚೆಂದು ಕೊರಗಬೇಕಿಲ್ಲ. ಪಕ್ಕದ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅಲ್ಲಿನ ಗಿಲಕಿ, ಬುಗುರಿ, ಕಂಬಕ್ಕೆ ಪೋಣಿಸುವ ಬಳೆಗಳು ಪುಟ್ಟ ಕೈಗೆ ಒಳ್ಳೆಯ ಗುರುಗಳೇ. ಅವೂ ಇಲ್ಲದಿದ್ದರೆ ಕಲಸಿದ ರಾಗಿ ಹಿಟ್ಟಿನಲ್ಲಿ ಉಂಡೆ ಮಾಡಲಿ. ಕುಂಟೆಬಿಲ್ಲೆ ಆಡಲಿ.

ಶಾಲೆಗಳಿಗೆ ಹೋದಾಗ ನಾನು ಒಂದು ದೃಶ್ಯವನ್ನು ಹಲವು ಸಲ ಕಂಡಿದ್ದೇನೆ. ಒಂದನೇ ತರಗತಿಯ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಿರುತ್ತದೆ. ಅಕ್ಷರ ಗೆರೆ ದಾಟುತ್ತದೆ. ಪಕ್ಕದವರು ದಡ್ಡ ಎಂದು ನಗುತ್ತಾರೆ. ಮಗು ಅಳುತ್ತದೆ. ಮಕ್ಕಳೇ, ಆ ಮಗು ದಡ್ಡನಲ್ಲ. ಅವನ ಬೆರಳು ಇನ್ನೂ ಸಿದ್ಧವಾಗಿಲ್ಲ, ಅಷ್ಟೇ. ನಿಮ್ಮ ತಮ್ಮನೋ ತಂಗಿಯೋ ಹೀಗಿದ್ದರೆ ಬೈಯಬೇಡಿ, ಜೊತೆಗೆ ಕೂತು ಆಡಿಸಿ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: 2 ಸ್ಟೀಲ್ ಲೋಟ, 1 ತಟ್ಟೆ, 1 ಚಮಚ, ನೀರು.

ತಟ್ಟೆಯಲ್ಲಿ ಎರಡೂ ಲೋಟ ಇಡಿ. ಒಂದಕ್ಕೆ ಅರ್ಧ ನೀರು ತುಂಬಿ. 3ರಿಂದ 5 ವರ್ಷದ ಮಗು ಒಂದರಿಂದ ಇನ್ನೊಂದಕ್ಕೆ 5 ಸಲ ಸುರಿಯಲಿ. ತಟ್ಟೆಗೆ ಚೆಲ್ಲಿದ ನೀರನ್ನು ಚಮಚದಲ್ಲಿ ಅಳೆದು ಬರೆದಿಡಿ. 10 ದಿನ ಹೀಗೆ ಮಾಡಿ ನಕ್ಷೆ ಬರೆಯಿರಿ. ಗೆರೆ ಮೇಲೇರಿತೇ, ಕೆಳಗಿಳಿಯಿತೇ? ಏಕೆಂದು ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.