ಕನಿಕರದಾಚೆಯ ಗಾನಯೋಗಿ

ಮೂಡಿಗೆರೆಯಿಂದ ಕಳಸದತ್ತ ಸಾಗುವ ದಾರಿಯಲ್ಲಿ, ರಸ್ತೆಯಿಂದ ಇನ್ನೂರು ಹೆಜ್ಜೆ ಇಳಿದರೆ ಸಿಗುವ ಒಂದು ಮನೆಗೆ ನಾನು ಆಗಾಗ ಹೋಗುವುದುಂಟು. ನಾಲ್ಕೆಕರೆ ಕಾಫಿ ತೋಟವಿರುವ ಸಣ್ಣ ಬೆಳೆಗಾರರ ಮನೆ ಅದು. ಅವರ ಮಗನಿಗೆ ಈಗ ಇಪ್ಪತ್ತನಾಲ್ಕು ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣದು. ಕಣದಲ್ಲಿ ಹರವಿದ ಕಾಫಿ ಹಣ್ಣು ಹದವಾಗಿ ಒಣಗಿದೆಯೇ ಎಂಬುದನ್ನು ಆತ ಒಂದು ಮುಷ್ಟಿ ಹಿಡಿದು, ಕಿವಿಯ ಬಳಿ ಅಲುಗಿಸಿ ಹೇಳಬಲ್ಲ. ಸಿಪ್ಪೆಯೊಳಗೆ ಬೀಜ ಗಲಗಲ ಎಂದರೆ ಮೂಟೆ ಕಟ್ಟಬಹುದು. ಇಲ್ಲವಾದರೆ ಇನ್ನಷ್ಟು ಬಿಸಿಲು ಬೇಕು. ಕಣ್ಣಿದ್ದವರು ಮಾಡುವುದೂ ಇದೇ ಪರೀಕ್ಷೆಯನ್ನೇ.

ಕಳೆದ ವರ್ಷ ಮುಂಗಾರಿಗೆ ಮುನ್ನ ಆ ಹುಡುಗನ ತಂದೆ ನನ್ನ ಬಳಿ ಬಂದರು. ತಾವು ಗಂಡ ಹೆಂಡಿರು ಕಣ್ಣು ಮುಚ್ಚಿದ ಮೇಲೆ ಮಗನ ಗತಿಯೇನೆಂಬ ಚಿಂತೆ ಅವರನ್ನು ಕಾಡುತ್ತಿತ್ತು. ಗದಗದ ವೀರೇಶ್ವರ ಪುಣ್ಯಾಶ್ರಮಕ್ಕೆ ಅವನನ್ನು ಸೇರಿಸಬೇಕು, ಮೇಷ್ಟ್ರಾದ ನಾನು ಒಳ್ಳೆಯ ಕನ್ನಡದಲ್ಲಿ ಒಂದು ಪತ್ರ ಬರೆದುಕೊಡಬೇಕು ಎಂಬುದು ಅವರ ಬೇಡಿಕೆ. ಹುಡುಗನಿಗೆ ಹಾಡಲು ಬರುತ್ತದೆಯೇ ಎಂದು ಕೇಳಿದೆ. ಇಲ್ಲವೆಂದರು. ಅವನಿಗೆ ಹೋಗಲು ಇಷ್ಟವಿದೆಯೇ ಎಂದು ಕೇಳಿದೆ. ಅದನ್ನು ಅವರು ಮಗನನ್ನು ಕೇಳಿಯೇ ಇರಲಿಲ್ಲ.

ಪತ್ರ ಬರೆಯಲು ಕುಳಿತೆ. ಆಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳ ಬಗ್ಗೆ ಎರಡು ಮಾತು ಸೇರಿಸೋಣವೆಂದು ಅವರ ಜೀವನದ ವಿವರಗಳನ್ನು ಮತ್ತೆ ಓದಿದೆ. ಓದುತ್ತಾ ಹೋದಂತೆ ಪತ್ರ ಬರೆಯುವುದು ಕಷ್ಟವಾಗತೊಡಗಿತು.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟುಕುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆ ಕಾಲದಲ್ಲಿ ಹಳ್ಳಿಯ ಮನೆಯೊಂದರಲ್ಲಿ ಕಣ್ಣಿಲ್ಲದ ಇಬ್ಬರು ಮಕ್ಕಳೆಂದರೆ ಏನೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾದದ್ದೇ 1901ರಲ್ಲಿ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ. ಅಷ್ಟು ಹೊತ್ತಿಗೆ ಗವಾಯಿಗಳು ತೀರಿಕೊಂಡು ಏಳು ವರ್ಷಗಳಾಗಿದ್ದವು. ಕಲಿಯಲು ಅವರಿಗಿದ್ದ ಬಾಗಿಲು ಕಿವಿಯೊಂದೇ.

ಆ ಬಾಗಿಲನ್ನು ಗುರುತಿಸಿದವರು ಹಾನಗಲ್ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಅವರೇ. ಬಾಲಕನ ಕಂಠವನ್ನು ಮೆಚ್ಚಿ ಅವರು ಹಣ್ಣು ಕೊಟ್ಟು ಕಳುಹಿಸಬಹುದಿತ್ತು. ಎರಡು ಹೊತ್ತಿನ ಊಟಕ್ಕೆ ಮಠದಲ್ಲಿ ಜಾಗ ಕೊಟ್ಟು ಸುಮ್ಮನಾಗಬಹುದಿತ್ತು. ಅವರು ಕೊಟ್ಟದ್ದು ಗುರುಗಳನ್ನು. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತರು. ಬಳಿಕ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಸಂಗೀತದ ಅಭ್ಯಾಸ ನಡೆಯಿತು; ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನರ ಪಾಠವೂ ದೊರೆಯಿತು. ವೀರಶೈವ ಮಠವೊಂದರ ಆಶ್ರಯದಲ್ಲಿ ಬೆಳೆದ ಅಂಧ ಯುವಕ ಮುಸ್ಲಿಂ ಉಸ್ತಾದರ ಶಿಷ್ಯನಾದದ್ದು ಅಂದಿನವರಿಗೆ ವಿಚಿತ್ರವೆನಿಸಲಿಲ್ಲ. ಹೀಗೆ ಗದಿಗೆಯ್ಯ ಎರಡೂ ಪದ್ಧತಿಗಳಲ್ಲಿ ನುರಿತ ಪಂಚಾಕ್ಷರಿ ಗವಾಯಿಗಳಾದರು.

ಕಲಿತ ವಿದ್ಯೆಯಿಂದ ಅವರು ಸುಖವಾಗಿ ಬದುಕಬಹುದಿತ್ತು. ಆದರೆ ಅಂಧರಿಗೂ ಅನಾಥರಿಗೂ ಜಾತಿಭೇದವಿಲ್ಲದೆ ಸಂಗೀತ ಕಲಿಸುವ ವ್ರತವನ್ನು ಅವರು ಕೈಗೊಂಡರು. ಅವರ ಪಾಠಶಾಲೆಗೆ ಬಹುಕಾಲ ನೆಲೆಯೇ ಇರಲಿಲ್ಲ. ವಾದ್ಯಗಳನ್ನು ಹೊತ್ತು, ಮಕ್ಕಳನ್ನು ಕರೆದುಕೊಂಡು ಊರಿಂದೂರಿಗೆ ಸಾಗುವ ಸಂಚಾರಿ ಶಾಲೆ ಅದು. ಭಕ್ತರು ಕೊಟ್ಟ ಕಾಳುಕಡಿಯೇ ಅನ್ನ. ಕೊಡದ ದಿನ ಉಪವಾಸ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಹೊರೆ ಇನ್ನಷ್ಟು ಭಾರವಾಯಿತು. ಶಿಷ್ಯರ ಹೊಟ್ಟೆ ತುಂಬಿಸಲು ಗವಾಯಿಗಳು ನಾಟಕ ಕಂಪನಿಯನ್ನೂ ಕಟ್ಟಿದರು. ಗದಗದಲ್ಲಿ ಶಾಲೆಗೊಂದು ಸ್ಥಿರವಾದ ನೆಲೆ ಸಿಕ್ಕಿದ್ದು ಅವರ ಬದುಕಿನ ಕೊನೆಯ ಘಟ್ಟದಲ್ಲಿ. ಬಸರಿಗಿಡದ ವೀರಪ್ಪನವರ ದಾನವನ್ನು ನೆನೆದು ಆ ನೆಲೆಗೆ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಾಯಿತು.

ಈ ಜೀವನದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು 1936ರ ಒಂದು ಪ್ರಸಂಗ. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ, ಧಾರವಾಡ ಜಿಲ್ಲೆಯ ಯಲಿವಾಳದಿಂದ ಬಂದು ಗವಾಯಿಗಳಲ್ಲಿ ಕಲಿತಿದ್ದ ಬಸವರಾಜ ರಾಜಗುರು ಎಂಬ ಹುಡುಗ ಮೊದಲ ಬಾರಿಗೆ ದೊಡ್ಡ ವೇದಿಕೆಯ ಮೇಲೆ ಹಾಡಿದ. ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು. ಕಣ್ಣಿದ್ದ ಶಿಷ್ಯನಿಗೆ ಕಣ್ಣಿಲ್ಲದ ಗುರು ತಾಳದ ಆಸರೆಯಾದರು. ಅಲ್ಲಿ ಯಾರು ಯಾರನ್ನು ಅವಲಂಬಿಸಿದ್ದರು? ಸಂಗೀತ ಬಲ್ಲವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಕಛೇರಿಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರನ್ನು ನೆಚ್ಚಿಯೇ ಸ್ವತಂತ್ರರಾಗಿರುತ್ತಾರೆ.

1944ರ ಜೂನ್ 11ರಂದು ಗವಾಯಿಗಳು ತೀರಿಕೊಂಡಾಗ ಅವರಿಗೆ ಐವತ್ತೆರಡು ವರ್ಷ. ಆಶ್ರಮದ ಹೊಣೆ ಹೊತ್ತವರು ಹಾನಗಲ್ ತಾಲ್ಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು ಗುರುಗಳ ಆಸರೆಗೆ ಬಂದವರು. 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಧನರಾಗುವವರೆಗೆ ಅವರು ಆ ಸಂಸ್ಥೆಯನ್ನು ಮುನ್ನಡೆಸಿದರು. ಅಂಧರ ಸಂಸ್ಥೆಯೊಂದನ್ನು ಅಂಧರೇ ಕಟ್ಟಿ, ಅಂಧರೇ ಹಲವು ದಶಕ ನಡೆಸಿದ್ದು ಗಮನಿಸಬೇಕಾದ ಸಂಗತಿ. ಅಮೆರಿಕದಲ್ಲಿ, ಪೋಲಿಯೊದಿಂದ ಕೈಕಾಲಿನ ಶಕ್ತಿ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಮತ್ತು ಸಂಗಾತಿಗಳು ಬರ್ಕ್‌ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ಆರಂಭಿಸಿದ್ದು 1972ರಲ್ಲಿ. ಅಂಗವಿಕಲರ ಬದುಕಿನ ತೀರ್ಮಾನಗಳನ್ನು ಅಂಗವಿಕಲರೇ ಕೈಗೊಳ್ಳಬೇಕು ಎಂಬುದು ಅವರ ಚಳವಳಿಯ ತಿರುಳು. ಆ ಪರಿಭಾಷೆ ಗವಾಯಿಗಳಿಗೆ ಗೊತ್ತಿರಲಿಲ್ಲ, ತಿರುಳು ಗೊತ್ತಿತ್ತು.

ಆದರೆ ನಾವು ಅವರನ್ನು ನೆನೆಯುವ ಬಗೆಯೇ ಬೇರೆ. 1995ರಲ್ಲಿ ಅವರ ಜೀವನವನ್ನು ಕುರಿತ ಚಲನಚಿತ್ರ ಬಂತು. ಅದರ ಹಾಡಿಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಕಣ್ಣೊರೆಸಿಕೊಂಡು ಹೊರಬಂದ ನಮ್ಮ ಮನಸ್ಸಿನಲ್ಲಿ ಉಳಿದದ್ದು ಪವಾಡ ಮತ್ತು ಕರುಣೆ. ಕುರುಡರಿಗೆ ಸಂಗೀತ, ಸಂಗೀತಕ್ಕೆ ಗದಗ ಎಂಬ ಸುಲಭ ಸಮೀಕರಣವೂ ಉಳಿಯಿತು. ಗವಾಯಿಗಳ ಕಾಲದಲ್ಲಿ ಸಂಗೀತವೇ ತೆರೆದಿದ್ದ ದಾರಿಯಾದ್ದರಿಂದ ಅವರು ಅದನ್ನು ಹಿಡಿದರು. ಬೇರೆ ದಾರಿಗಳಿರುವ ಇಂದು, ಹಾಡಲು ಬಾರದ, ಕಾಫಿಯ ಹದ ಬಲ್ಲ ಯುವಕನನ್ನು ಅವನ ಒಪ್ಪಿಗೆಯಿಲ್ಲದೆ ಅಲ್ಲಿಗೆ ಕಳುಹಿಸಿದರೆ ಅದು ಗವಾಯಿಗಳಿಗೆ ಸಲ್ಲಿಸುವ ಗೌರವವಾಗುತ್ತದೆಯೇ? ನಮ್ಮ ಊರು ಹೊರಬೇಕಾದ ಹೊಣೆಯನ್ನು ನೂರಾರು ಕಿಲೋಮೀಟರ್ ಆಚೆ ಇಳಿಸಿ ಬಂದಂತಾಗುವುದಿಲ್ಲವೇ?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅಂಗೀಕರಿಸಿತು. ಅದರ 19ನೆಯ ವಿಧಿಯಂತೆ ಎಲ್ಲಿ, ಯಾರೊಡನೆ ಬದುಕಬೇಕೆಂಬ ಆಯ್ಕೆ ಆ ವ್ಯಕ್ತಿಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೆಯ ಕಲಮು ಸಮುದಾಯದ ನಡುವೆ ಬಾಳುವುದನ್ನು ಹಕ್ಕೆಂದು ಒಪ್ಪುತ್ತದೆ. ಅದಕ್ಕೆ ಬೇಕಾದ ನೆರವನ್ನು ಒದಗಿಸಲು ಸರ್ಕಾರ ಯತ್ನಿಸಬೇಕೆಂದೂ ಹೇಳುತ್ತದೆ. ಆದರೆ ಮಲೆನಾಡಿನಲ್ಲಿ ಹಕ್ಕಿಗೂ ಏರು ಹತ್ತಬೇಕು. ಇಲ್ಲಿ ಮನೆಗಳು ಒಂದಕ್ಕೊಂದು ದೂರ. ಮಳೆಗಾಲದಲ್ಲಿ ಹಾದಿಗೆ ಪಾಚಿ ಕಟ್ಟುತ್ತದೆ, ಕಾಲುಸಂಕದ ಮೇಲೆ ಕಣ್ಣಿದ್ದವರೇ ಜಾರುತ್ತಾರೆ. ಬಸ್ಸು ತಪ್ಪಿದರೆ ಮತ್ತೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಪ್ರಮಾಣಪತ್ರಕ್ಕೂ ಪಿಂಚಣಿಗೂ ಪೇಟೆಗೇ ಇಳಿಯಬೇಕು, ಅದೂ ಇನ್ನೊಬ್ಬರ ತೋಳು ಹಿಡಿದು. ಹುಡುಗನ ಕಣ್ಣಿಗಿಂತ ಈ ಹಾದಿಯೇ ಅವನನ್ನು ಹೆಚ್ಚು ಕಟ್ಟಿಹಾಕಿದೆ.

ಪತ್ರವನ್ನು ಅರ್ಧಕ್ಕೆ ನಿಲ್ಲಿಸಿ ಆ ಮನೆಗೆ ಹೋದೆ. ತಂದೆಯ ಎದುರಿನಲ್ಲೇ ಮಗನನ್ನು ಕೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನಗೆ ಕಣದ ಕೆಲಸ ಬಿಟ್ಟು ಹೋಗಲು ಮನಸ್ಸಿಲ್ಲವೆಂದ. ಬೇಕಿರುವುದು ಎರಡೇ: ಮನೆಯಿಂದ ರಸ್ತೆಯವರೆಗೆ ಹಿಡಿದು ನಡೆಯಲು ಒಂದು ಆಸರೆ, ಮತ್ತು ತಾನು ಒಬ್ಬನೇ ಹೋಗುವಾಗ ಅಮ್ಮ ಹಿಂದೆ ಹಿಂದೆ ಬರದಿರುವುದು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವೆಂದು ಅವನ ತಾಯಿಯ ಮುಖ ಹೇಳುತ್ತಿತ್ತು.

ನೆರವು ಬೇಡವೆನ್ನುವುದು ಸ್ವಾತಂತ್ರ್ಯವಲ್ಲ. ಕುಮಾರಸ್ವಾಮಿಗಳ ನೆರವಿಲ್ಲದೆ ಪಂಚಾಕ್ಷರಿ ಗವಾಯಿಗಳಿಲ್ಲ. ಆದರೆ ಆ ನೆರವು ಗದಿಗೆಯ್ಯನನ್ನು ಒಂದು ಮೂಲೆಯಲ್ಲಿ ಕೂರಿಸಲಿಲ್ಲ. ಎದ್ದು ನಡೆದು, ಇನ್ನೊಬ್ಬರಿಗೆ ಆಸರೆಯಾಗುವಷ್ಟು ಬೆಳೆಸಿತು. ನಾವು ಕೊಡುವ ನೆರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸೇರು ನನಗೆ ಕಾಣುತ್ತಿಲ್ಲ.

ಮಳೆ ಹಿಡಿಯುವ ಮೊದಲು ತಂದೆ ಅಡಿಕೆ ದಬ್ಬೆ ಸೀಳಿ, ಗೂಟ ನೆಟ್ಟು, ಇನ್ನೂರು ಹೆಜ್ಜೆಯ ಉದ್ದಕ್ಕೂ ಕೈಗಂಬಿ ಕಟ್ಟಿದರು. ಅದು ಒಂದೆರಡು ಮಳೆಗಾಲ ತಡೆದೀತು. ಕಬ್ಬಿಣದ ಪೈಪು ಹಾಕಿಸಿಕೊಡುವಂತೆ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಗದಗಕ್ಕೆ ಬರೆಯಬೇಕಿದ್ದ ಪತ್ರಕ್ಕೆ ಬದಲಾಗಿ ನಾನು ಬರೆದುಕೊಟ್ಟದ್ದು ಆ ಅರ್ಜಿಯನ್ನು. ಕೆಳಗೆ ಹೆಬ್ಬೆಟ್ಟು ಒತ್ತಿದವನು ಅವನೇ. ಉತ್ತರ ಇನ್ನೂ ಬಂದಿಲ್ಲ. ಅವನು ಮಾತ್ರ ದಿನವೂ ದಬ್ಬೆ ಹಿಡಿದು ರಸ್ತೆಗೆ ಹತ್ತಿ ಬರುತ್ತಾನೆ. ತಾಯಿ ಜಗಲಿಯಲ್ಲೇ ನಿಂತು ನೋಡುತ್ತಾರೆ.