ಕಲ್ಲು ಕೆತ್ತಿದ ಕೈ, ನಾಟಕ ಬರೆದ ಕೈ

ಕುದುರೆಯೇರಿ ಆಲ್ಪ್ಸ್ ಪರ್ವತ ದಾಟುತ್ತಿರುವ ನೆಪೋಲಿಯನ್‌ನ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅದನ್ನು ಬರೆದವರು ನವಶಾಸ್ತ್ರೀಯ ಶೈಲಿಯ ಪ್ರಮುಖ ಕಲಾವಿದ ಜಾಕ್ ಲೂಯಿ ದಾವೀದ್. ಇವರು ತಾರುಣ್ಯದಲ್ಲಿ ಒಬ್ಬ ನಾಟಕಕಾರರ ಭಾವಚಿತ್ರವನ್ನೂ ಬರೆದಿದ್ದರು. ಆ ನಾಟಕಕಾರರೇ ಮಿಶೆಲ್ ಜಾನ್ ಸೆಡೇನ್.

ಸೆಡೇನ್ 1719ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. ಇವರ ತಂದೆ ಕಟ್ಟಡಗಳ ವಾಸ್ತುಶಿಲ್ಪಿ. ಅವರು ಆಸ್ತಿಯೇನನ್ನೂ ಉಳಿಸದೆ ತೀರಿಕೊಂಡಾಗ ಮನೆಯ ಭಾರ ಹುಡುಗನ ಹೆಗಲಿಗೆ ಬಿತ್ತು. ಸೆಡೇನ್ ಓದು ಬಿಟ್ಟು ಕಲ್ಲು ಕೆತ್ತುವ ಕೆಲಸಕ್ಕೆ ಸೇರಿದರು. ಆದರೆ ಪುಸ್ತಕ ಬಿಡಲಿಲ್ಲ. ಈ ಕೂಲಿ ಹುಡುಗನ ಓದಿನ ಆಸೆಯನ್ನು ಬ್ಯುರೋನ್ ಎಂಬ ವಾಸ್ತುಶಿಲ್ಪಿ ಗುರುತಿಸಿ, ಶಿಷ್ಯನನ್ನಾಗಿ ಮಾಡಿಕೊಂಡು ವಿದ್ಯೆ ಕಲಿಸಿದರು.

ಮುಂದೆ ಸೆಡೇನ್ ಹೆಸರಾಂತ ನಾಟಕಕಾರರಾದರು. 1765ರಲ್ಲಿ ರಂಗಕ್ಕೆ ಬಂದ ಅವರ ಪ್ರಸಿದ್ಧ ನಾಟಕದ ನಾಯಕ ರಾಜನಲ್ಲ, ಒಬ್ಬ ಪ್ರಾಮಾಣಿಕ ವ್ಯಾಪಾರಿ. ಮಗಳ ಮದುವೆಯ ದಿನವೇ ಮಗ ದ್ವಂದ್ವಯುದ್ಧಕ್ಕೆ ಹೊರಟಾಗ ಆ ತಂದೆ ಪಡುವ ಸಂಕಟವೇ ಅದರ ಕಥೆ. 1768ರಲ್ಲಿ ಅವರು ವಾಸ್ತುಶಿಲ್ಪ ಅಕಾಡೆಮಿಯ ಕಾರ್ಯದರ್ಶಿಯಾದರು. ಲೂವ್ರ್ ಅರಮನೆಯಲ್ಲಿ ವಾಸಕ್ಕೆ ಮನೆಯೂ ಸಿಕ್ಕಿತು.

ತನ್ನನ್ನು ಕೈಹಿಡಿದು ಮೇಲೆತ್ತಿದ ಬ್ಯುರೋನ್‌ರನ್ನು ಸೆಡೇನ್ ಮರೆಯಲಿಲ್ಲ. ಅವರ ಮೊಮ್ಮಗನೇ ದಾವೀದ್. ಒಂಬತ್ತನೆಯ ವಯಸ್ಸಿನಲ್ಲಿ ದಾವೀದ್ ತಂದೆಯನ್ನು ಕಳೆದುಕೊಂಡಿದ್ದರು. ಆ ತಂದೆ ಸತ್ತದ್ದೂ ದ್ವಂದ್ವಯುದ್ಧದಲ್ಲೇ! ಸೆಡೇನ್ ಈ ತರುಣನಿಗೆ ಆಸರೆಯಾದರು. ರೋಮ್‌ನಲ್ಲಿ ಕಲಿಯುವ ಅವಕಾಶ ಕೊಡುವ ಸ್ಪರ್ಧೆಯಲ್ಲಿ 1772ರಲ್ಲಿ ಮತ್ತೊಮ್ಮೆ ಸೋತ ದಾವೀದ್, ಬಾಗಿಲು ಹಾಕಿಕೊಂಡು ಊಟ ಬಿಟ್ಟರು. ಆಗ ಕಳವಳಗೊಂಡ ಸೆಡೇನ್, ಹಿರಿಯ ಕಲಾವಿದ ದುವಾಯೆನ್ ಅವರನ್ನು ಕರೆತಂದರು. ಅವರ ಸಮಾಧಾನದ ಮಾತಿಗೆ ಬಾಗಿಲು ತೆರೆಯಿತು. ಎರಡೇ ವರ್ಷಗಳಲ್ಲಿ, 1774ರಲ್ಲಿ, ದಾವೀದ್ ಆ ಬಹುಮಾನ ಗೆದ್ದರು.

ಒಂದು ಕಾಲದ ಕಲ್ಲುಕುಟಿಗ ಸೆಡೇನ್ 1786ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯರಾದರು. 1797ರಲ್ಲಿ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಬಡತನ ಓದಿಗೆ ಅಡ್ಡಿಯಾಗಬಹುದು, ಆದರೆ ಅದೇ ಕೊನೆಯಲ್ಲ. ಒಂದು ಪರೀಕ್ಷೆಯ ಸೋಲೂ ಕೊನೆಯಲ್ಲ. ಮನಸ್ಸು ಕುಗ್ಗಿದಾಗ ಬಾಗಿಲು ಹಾಕಿಕೊಳ್ಳದೆ ಹಿರಿಯರೊಂದಿಗೆ, ಗೆಳೆಯರೊಂದಿಗೆ ಮಾತಾಡಿ. ಪಕ್ಕದ ಗೆಳೆಯನ ಬಾಗಿಲು ಮುಚ್ಚಿದ್ದರೆ ಹೋಗಿ ತಟ್ಟಿ. ನಮಗೆ ಸಿಕ್ಕ ಉಪಕಾರವನ್ನು ಇನ್ನೊಬ್ಬರಿಗೆ ದಾಟಿಸುವುದೇ ಅದರ ಋಣ ತೀರಿಸುವ ದಾರಿ.