ಮಾರಿಕಣಿವೆ ತುಂಬಿದುದನ್ನು ಕಾಣದ ದಿವಾನರು

ಚಿತ್ರದುರ್ಗ ಸೀಮೆಯಲ್ಲಿ ಮಳೆಯನ್ನು ನಂಬಿ ಬಾಳಿದವರಿಗೆ ಹಿರಿಯೂರಿನ ಬಳಿಯ ವಾಣೀವಿಲಾಸ ಸಾಗರದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಜನರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. ಎರಡು ಗುಡ್ಡಗಳ ನಡುವೆ ನುಸುಳಿ ಹರಿಯುತ್ತಿದ್ದ ವೇದಾವತಿಗೆ ಅಲ್ಲಿ ಕಟ್ಟೆ ಹಾಕಿಸಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್‌ರವರು ನೀರಾವರಿಯ ಪಂಡಿತರಲ್ಲ, ನ್ಯಾಯಶಾಸ್ತ್ರದ ಪದವೀಧರರು.

1845ರಲ್ಲಿ ಪಾಲಘಾಟಿನ ಸೀಮೆಯಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1868ರಲ್ಲಿ ಮೈಸೂರಿನ ಸೇವೆಗೆ ಬಂದರು. ನೆಲಜಲಗಳ ಸಂರಕ್ಷಣೆ ಇಂದು ವಿಶ್ವವಿದ್ಯಾನಿಲಯಗಳ ಪಾಠವಾಗಿದೆ. ಅಯ್ಯರ್‌ರವರಿಗೆ ಆ ಪಾಠವನ್ನು ಕಲಿಸಿದುದು 1876-78ರ ಘೋರ ಕ್ಷಾಮವೆನ್ನಬೇಕು. ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲನ್ನು ನುಂಗಿದ ಕ್ಷಾಮವದು.

ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನಗಿರಿ ಇವರಿಗೆ ಬಂದಿತು. ಹದಿನೆಂಟು ವರ್ಷಗಳ ಆ ಆಡಳಿತದಲ್ಲಿ ರೈಲುದಾರಿಗಳು ಬೆಳೆದವು, ಶಿವನಸಮುದ್ರದ ವಿದ್ಯುತ್ತಿನ ಯೋಜನೆ ಮೊದಲಾಯಿತು. 1898ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಕಾಲದಲ್ಲಿ, ಮಾರಿಕಣಿವೆಯ ಕಾಮಗಾರಿ ಆರಂಭವಾಯಿತು. ಸಿಮೆಂಟಿನ ಹಂಗಿಲ್ಲದೆ, ಗಾರೆಯಿಂದ ಕಲ್ಲಿಗೆ ಕಲ್ಲನ್ನು ಬೆಸೆದು, 1,330 ಅಡಿ ಉದ್ದದ ಕಟ್ಟೆಯನ್ನು ಎಬ್ಬಿಸಿದರು. ಅದರ ಒಡಲು 30 ಶತಕೋಟಿ ಘನ ಅಡಿ ನೀರಿನದು. ಬಾಬಾಬುಡನ್ ಗಿರಿಗಳಿಂದ ಇಳಿದುಬರುವ ಸಾಧಾರಣ ಹೊಳೆಯೊಂದು ಇಷ್ಟು ದೊಡ್ಡ ಒಡಲನ್ನು ತುಂಬೀತೆ? ಸಾಹಸವಿದ್ದುದು ಈ ಲೆಕ್ಕದಲ್ಲಿಯೇ.

ಉತ್ತರವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1901ರಲ್ಲಿ ಅಧಿಕಾರದಿಂದ ನಿವೃತ್ತರಾಗಿ, ಅದೇ ವರ್ಷದ ಸೆಪ್ಟೆಂಬರ್ 13ರಂದು ತೀರಿಕೊಂಡರು. ಕಟ್ಟೆ ಮುಗಿದುದು 1907ರಲ್ಲಿ. ಜಲಾಶಯ ತುಂಬಿ ಕೋಡಿ ಬಿದ್ದುದಾದರೋ 1933ರಲ್ಲಿ. ಮತ್ತೆ ಕೋಡಿ ಹರಿಯಲು 2022ರವರೆಗೆ, ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. ಆ ವೇಳೆಗೆ ಭದ್ರೆಯ ನೀರೂ ಬಂದು ಸೇರತೊಡಗಿತ್ತೆಂಬುದನ್ನು ಮರೆಯಲಾಗದು.

ಹಾಗೆಂದು ದಿವಾನರ ಲೆಕ್ಕ ತಪ್ಪಿತೆನ್ನಬಹುದೆ? ನಮಗೆ ಹಾಗೆ ತೋರದು. ತುಂಬದ ವರ್ಷಗಳಲ್ಲಿಯೂ ನಾಲೆಗಳು ಹಿರಿಯೂರಿನ ತೆಂಗು ಅಡಕೆಗಳಿಗೆ ಆಸರೆಯಾಗಿದ್ದವು. ದುರ್ಗದ ನಗರಕ್ಕೆ ಕುಡಿಯುವ ನೀರು ಇಲ್ಲಿಂದಲೇ ಬಂದಿತು. ಆದರೆ ತುಂಬಿದ ಸಂಭ್ರಮ ಎಲ್ಲರದೂ ಅಲ್ಲ. 2022ರಲ್ಲಿ ಕಟ್ಟೆಯ ಕೆಳಗಿನವರು ಬಾಗಿನ ಹಿಡಿದು ಬರುತ್ತಿದ್ದಾಗ, ಮೇಲಣ ಹೊಸದುರ್ಗದ ರೈತರು ಹಿನ್ನೀರು ನುಗ್ಗಿದ ಹೊಲತೋಟಗಳ ದಂಡೆಯಲ್ಲಿ ನಿಂತು, ಕೋಡಿಯ ಮಟ್ಟವನ್ನು ತಗ್ಗಿಸಿರೆಂದು ಕೇಳುತ್ತಿದ್ದರು.